ಅಣ್ಣನ ಕಡೆ ವಾಲಿದ ಬಳ್ಳಿ

ನನ್ನ ಷಡ್ಡಕ ಕಂಬಿ ಕಟ್ಟೋನು. ಷಡ್ಡಕ ಅಂದ್ರೆ ನನ್ನ ಹೆಂಡತಿಯ ತಂಗಿ ಗಂಡ. ಇಬ್ಬರು ಗಂಡಸರಿಗೆ ಒಂದೇ ಮಾವನ ಮನೆ ಕೊಟ್ಟು, ನಿಮ್ಮ ಕಷ್ಟ ನೀವೇ ಹಂಚ್ಕೊಳ್ಳಿ ಅಂತ ದೇವರು ಮಾಡಿಟ್ಟ ಸಂಬಂಧ ಅದು. ಕಟ್ಟಡ ಏಳೋವಾಗ ಕಾಂಕ್ರೀಟಿನ ಹೊಟ್ಟೆಯೊಳಗೆ ಕಬ್ಬಿಣದ ಕಂಬಿ ಬಗ್ಗಿಸಿ, ಜೋಡಿಸಿ, ಸಣ್ಣ ತಂತಿಯಿಂದ ಬಿಗೀತಾರಲ್ಲ, ಅದು ಅವನ ಕಸುಬು. ಕೈ ಹೆಂಗಿತ್ತು ಅಂತೀರಿ? ಮೊದಲ ಸಲ ನನ್ನ ಕೈ ಕುಲುಕಿದಾಗ ಬೆರಳೆಲ್ಲ ಕೊಕ್ಕೆ ಥರ ಬಗ್ಗಿಹೋಯ್ತು. ಅದು ನೆಟ್ಟಗಾಗೋ ಮುಂಚೆ ಅದೇ ಬೆರಳಲ್ಲಿ ಬಾವಿಗೆ ಬಿದ್ದ ಕೊಡ ಎತ್ತಿದ್ದೀನಿ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.

ಒಂದು ಸಲ ದೊಡ್ಡ ನೀರಿನ ಟ್ಯಾಂಕಿನ ಕಂಬಕ್ಕೆ ಕಂಬಿ ಕಟ್ತಾ ಕಟ್ತಾ ಮೈಮರೆತು ತಾನೇ ಒಳಗೆ ಉಳ್ಕೊಂಡುಬಿಟ್ಟ. ಪಂಜರದೊಳಗೆ ಗಿಣಿ ಇದ್ದ ಹಾಗೆ. ಊಟದ ಡಬ್ಬಿ ಸಂದಿಯಿಂದ ತೂರಿಸಿದ್ರು. ಒಂದು ಕಂಬಿ ಕತ್ತರಿಸಿ ಹೊರಗೆ ಬಾರಯ್ಯ ಅಂತ ಮೇಸ್ತ್ರಿ ಅಂದ್ರೆ, ಡ್ರಾಯಿಂಗ್‌ನಲ್ಲಿ ಇರೋ ಕಂಬಿ ಕತ್ತರಿಸೋಕೆ ಆಗಲ್ಲ ಅಂದನಂತೆ. ಇದರಲ್ಲಿ ಅರ್ಧ ನಾನು ಸೇರಿಸಿದ್ದು, ಇರಲಿ. ಆದ್ರೆ ಮನುಷ್ಯ ಅಂಥವನೇ. ಕಾಗದದ ಮೇಲೆ ಏನಿದೆ, ಅಳತೆ ಏನು ಹೇಳಿದ್ದಾರೆ, ಅಷ್ಟು. ಆ ಗೋಡೆ ಯಾಕೆ, ಅದರ ಹಿಂದೆ ಯಾರು ಮಲಗ್ತಾರೆ, ಅದು ಅವನ ತಲೆಗೆ ಹೋಗೋ ವಿಷಯ ಅಲ್ಲ.

ಅವನ ಅಣ್ಣ ಸೆಂಟ್ರಿಂಗ್ ಕೆಲಸದವನು. ಕಾಂಕ್ರೀಟು ಸುರಿಯೋ ಮುಂಚೆ ಹಲಗೆ ಹೊಡೆದು ಅಚ್ಚು ನಿಲ್ಲಿಸೋನು. ಅಣ್ಣ ಹಲಗೆ ಹೊಡೀಬೇಕು, ತಮ್ಮ ಅದರ ಮೇಲೆ ಕಂಬಿ ಹಾಸ್ಬೇಕು. ಕಾಂಕ್ರೀಟು ಗಟ್ಟಿಯಾದ ಮೇಲೆ ಹಲಗೆ ಕಿತ್ತುಹಾಕ್ತಾರೆ, ಕಂಬಿ ಒಳಗೇ ಹೂತುಹೋಗುತ್ತೆ. ಊರಿನ ಅರ್ಧ ಕಟ್ಟಡ ಇವರಿಬ್ಬರ ಕೈಯಲ್ಲಿ ಎದ್ದಿದ್ದು, ತೋರಿಸೋಕೆ ಮಾತ್ರ ಇಬ್ಬರಿಗೂ ಏನೂ ಇಲ್ಲ. ಒಂದೇ ಊಟದ ಕ್ಯಾರಿಯರ್‌ನಲ್ಲಿ ಉಂಡು ಬೆಳೆದೋರು. ಅಂಥವರು ಮಾತು ಬಿಟ್ಟಿದ್ದು ಬಚ್ಚಲ ನೀರಿಗೆ.

ತಂದೆ ಬಿಟ್ಟುಹೋದ ಮನೇನ ನಡುವಿಗೆ ಪಾಲು ಮಾಡ್ಕೊಂಡಿದ್ರು. ಅಂಗಳದ ಮಧ್ಯೆ ಒಂದು ತಂತಿ ಬೇಲಿ. ಅಣ್ಣನ ಬಚ್ಚಲ ನೀರು ಬೇಲಿ ಕೆಳಗೆ ಹಾದು ತಮ್ಮನ ಅಂಗಳಕ್ಕೆ ಹರೀತು. ನನ್ನ ನಾದಿನಿ ಒಂದು ಮಾತು ಅಂದ್ಲಂತೆ, ಅತ್ತ ಕಡೆಯಿಂದ ಅವಳ ಓರಗಿತ್ತಿ, ಅಣ್ಣನ ಹೆಂಡತಿ, ಹತ್ತು ಮಾತು ಅಂದ್ಲಂತೆ. ನಾದಿನಿ ಬಾಯಿ ನನಗೆ ಗೊತ್ತು, ಅವಳು ಒಂದು ಅಂದ್ರೆ ನೀವು ಹನ್ನೊಂದು ಅಂತ ತಿಳ್ಕೊಳ್ಳಿ. ಕೊನೆಗೆ ಅಣ್ಣ ಇನ್ನು ನಿನ್ನ ಹೊಸ್ತಿಲು ತುಳಿಯಲ್ಲ ಅಂದ. ತಮ್ಮ ತುಳೀಬೇಡ ಹೋಗು ಅಂದ. ಇಬ್ಬರೂ ಕೊಟ್ಟ ಮಾತಿಗೆ ತಪ್ಪೋರಲ್ಲ. ಸ್ವಲ್ಪ ಸುಳ್ಳು ಹೇಳೋ ಅಭ್ಯಾಸ ಇದ್ದಿದ್ರೆ ಮಾರನೇ ದಿನವೇ ಸರಿಹೋಗಿರೋರು.

ಇವರ ತಾಯಿ ಇದ್ಲಲ್ಲ, ಜಾರಿಬಿದ್ದು ಸೊಂಟ ಮುರ್ಕೊಂಡು ತಮ್ಮನ ಮನೆಯ ಪಕ್ಕದ ಕೋಣೇಲಿ ಮಂಚ ಹಿಡಿದಿದ್ಲು. ಕಿವಿ ಪೂರ್ತಿ ಮಂದ. ಕಣ್ಣು ಮಾತ್ರ ಹದ್ದಿನದು, ಆಕಾಶದಲ್ಲಿ ಹೋಗೋ ವಿಮಾನದಲ್ಲಿ ಯಾರು ಕಿಟಕಿ ಪಕ್ಕ ಕೂತಿದ್ದಾರೆ ಅಂತ ಹೇಳೋಳು. ಮಂಚದ ಪಕ್ಕದ ಕಿಟಕಿ ಅಣ್ಣನ ಅಂಗಳದ ಕಡೆ ತೆರೀತಿತ್ತು. ಅಣ್ಣ ಬೆಳಿಗ್ಗೆ ಎದ್ದು ಬೇಲಿ ಕಂಬದ ಮೊಳೆಗೆ ಕನ್ನಡಿ ನೇತುಹಾಕಿ, ಕಿಟಕಿ ಕಡೆ ಮುಖ ಮಾಡಿ ಗಡ್ಡ ಹೆರ್ಕೊಳ್ಳೋನು. ಕೆನ್ನೆ ಮೇಲೆ ಇದ್ದದ್ದೇ ಅಲ್ಲೊಂದು ಇಲ್ಲೊಂದು ಕೂದಲು, ಕ್ಷೌರ ಮಾತ್ರ ಮದುವೆ ಗಂಡಿನ ಥರ ನಿಧಾನ. ತಾಯಿ ನೋಡ್ತಿದ್ದಾಳೆ ಅಂತ ಮಗನಿಗೆ ಗೊತ್ತು. ಅವನಿಗೆ ಗೊತ್ತು ಅಂತ ತಾಯಿಗೂ ಗೊತ್ತು. ಬಾಯಿ ಬಿಟ್ಟು ಯಾರೂ ಹೇಳ್ತಿರಲಿಲ್ಲ. ಅವನು ಗಲ್ಲ ಕೊಯ್ಕೊಂಡ ದಿನ ಮುದುಕಿಗೆ ಊಟ ಇಳೀತಿರಲಿಲ್ಲ. ಯಾಕಮ್ಮ ಅಂತ ನಾದಿನಿ ಕೇಳಿದ್ರೆ, ಉಪ್ಪು ಕಮ್ಮಿ ಅನ್ನೋಳು.

ಓರಗಿತ್ತಿಗೆ ಇದು ಗೊತ್ತಾಗೋದು ಹೆಂಗೆ? ಆ ಕಿಟಕಿಯ ಕಣ್ಣು ನಮ್ಮ ಬಚ್ಚಲ ಬಾಗಿಲ ಮೇಲೇ ಇರುತ್ತೆ, ಗೋಡೆ ಎಬ್ಬಿಸಿ ಅಂತ ಗಂಡನ ಪ್ರಾಣ ತಿಂದ್ಲು. ಗೋಡೆ ಸುದ್ದಿ ಹೆಂಗೋ ಮುದುಕಿಗೆ ತಿಳೀತು. ಗೋಡೆ ಎದ್ದ ದಿನದಿಂದ ನಾನು ಬಾಯಿಗೆ ನೀರು ಬಿಡಲ್ಲ ಅಂದ್ಲು. ಆಗ ನನ್ನ ಷಡ್ಡಕ ಹೆದರಿದ್ದು. ಹತ್ತು ಅಂತಸ್ತಿನ ಮೇಲೆ ಒಂದು ಹಲಗೆ ತುದೀಲಿ ನಿಂತು ಬೀಡಿ ಸೇದೋನು ಅವತ್ತು ಕೆಲಸ ಬಿಟ್ಟು ನಮ್ಮ ಮನೆಗೆ ಓಡಿಬಂದ. ಏನಾದ್ರೂ ಆಗ್ಲಿ ಷಡ್ಡಕರೇ, ಅಮ್ಮ ಇರೋವರೆಗೆ ಆ ಗೋಡೆ ಏಳಬಾರದು ಅಂದ. 

ಅಣ್ಣತಮ್ಮಂದಿರಿಬ್ಬರೂ ದುಡೀತಿದ್ದ ಮೇಸ್ತ್ರಿ ನಡುವೆ ಬಂದು ರಾಜಿ ಮಾಡ್ಸಿದ. ಗೋಡೆ ಬೇಡ, ಇರೋ ತಂತಿ ಬೇಲಿ ಮೇಲೇ ಹೂವಿನ ಬಳ್ಳಿ ಹಬ್ಬಿಸಿ, ಹೆಂಗಸರ ಮರ್ಯಾದೆ ಉಳಿಯುತ್ತೆ, ಮುದುಕಿ ಜೀವವೂ ಉಳಿಯುತ್ತೆ ಅಂದ. ಅಣ್ಣ ತಲೆ ತಗ್ಗಿಸ್ಕೊಂಡೇ ಒಪ್ಪಿದ, ಹೆಂಡತಿ ಪರವಾಗಿ ಒಂದು ಷರತ್ತು ಹಾಕಿ. "ಮುಂದಿನ ಮಳೆಗಾಲ ಮುಗಿಯೋ ಹೊತ್ತಿಗೆ ನನ್ನ ಅಂಗಳದಲ್ಲಿ ನಿಂತ್ರೆ ಆ ಕಿಟಕಿ ಕಾಣಬಾರದು. ಕಂಡ್ರೆ ಇಟ್ಟಿಗೆ ಇಳಿಸ್ತೀನಿ."

ಕಿಟಕಿ ಕಾಣಬಾರದು. ನನ್ನ ಷಡ್ಡಕನಿಗೆ ಅಳತೆ ಸಿಕ್ಕಿತು. ಅಳತೆ ಸಿಕ್ಕಿದ ಮೇಲೆ ಅವನನ್ನ ಹಿಡಿಯೋರು ಯಾರು? ಊರಾಚೆ ನರ್ಸರಿಯಿಂದ ಮಧುಮಾಲತಿ ಬಳ್ಳಿ ತಂದು, ಕಿಟಕಿ ಎದುರಿಗೆ ಬೇಲಿ ಬುಡದಲ್ಲಿ ಸಾಲಾಗಿ ನೆಟ್ಟ.

ಬಳ್ಳಿ ಬೆಳೀತು. ಹೆಂಗೆ ಬೆಳೀತು ಅಂದ್ರೆ ಒಂದು ದಿನ ನಾನು ಬೇಲಿ ಪಕ್ಕ ಚಪ್ಪಲಿ ಬಿಟ್ಟು ಒಳಗೆ ಹೋಗಿ ಟೀ ಕುಡಿದು ಬರೋ ಹೊತ್ತಿಗೆ ಅದರ ತುದಿ ನನ್ನ ಚಪ್ಪಲಿ ಹಾಕ್ಕೊಂಡು ರಸ್ತೆಗೆ ಹೊರಟಿತ್ತು. ಆದ್ರೆ ಉದ್ದ ಒಂದೇ. ಕಾಯಿಲೆ ಬಿದ್ದು ಎದ್ದ ಹುಡುಗಿ ಜಡೆ ಥರ ಸಪೂರ ಕಾಂಡ, ಬಿಳಿಚ್ಕೊಂಡ ಎಲೆ, ಒಂದು ಎಲೆಗೂ ಇನ್ನೊಂದು ಎಲೆಗೂ ಗೇಣು ದೂರ. ಬುಡದಲ್ಲಿ ಬರೀ ಕಡ್ಡಿ. ಆ ಸಂದೀಲಿ ಕಿಟಕಿ ಏನು, ಕಿಟಕಿಯೊಳಗಿನ ಮುದುಕಿ ಏನು, ಮುದುಕಿ ಹಿಂದಿನ ಕ್ಯಾಲೆಂಡರಿನ ತಾರೀಕು ಕೂಡ ಓದಬಹುದಿತ್ತು.

ಹೊಟ್ಟೆಗಿಲ್ಲದೆ ಸೊರಗಿದೆ ಅಂತ ಷಡ್ಡಕ ತೀರ್ಮಾನ ಮಾಡಿದ. ಹಗಲೆಲ್ಲ ಬಿಸಿಲಲ್ಲಿ ಮೈ ಮುರಿಯೋರಿಗೆ ಯಾರ ಮುಖ ಬಿಳಿಚಿದ್ರೂ ಹಸಿವೇ ಕಾಣೋದು. ಬುಟ್ಟಿಗಟ್ಟಲೆ ಸಗಣಿ ಗೊಬ್ಬರ ಸುರಿದ. ಬಳ್ಳಿ ಇನ್ನೂ ಉದ್ದ ಆಯ್ತು, ಇನ್ನೂ ಬಿಳಿಚಿತು. ಅಂಗಡಿಯಿಂದ ಬಿಳಿ ಕಾಳಿನ ಗೊಬ್ಬರ ತಂದು ಹಾಕಿದ. ಅದು ಉಂಡು ಉಂಡು ಓಡಿತೇ ಹೊರತು ಮೈ ಹಿಡೀಲಿಲ್ಲ. ನೀರು ಸಾಲದೇನೋ ಅಂತ ಎರಡು ಹೊತ್ತು ನೀರು ಕಟ್ಟಿದ. ಅಂಗಳ ಕೆಸರಾಗಿ ನಾದಿನಿ ಜಾರಿಬಿದ್ದು, ಈ ಬಳ್ಳಿ ನನ್ನ ಸೊಂಟಾನೂ ಮುರೀಲಿ, ಪಕ್ಕಕ್ಕೆ ಇನ್ನೊಂದು ಮಂಚ ಹಾಕಿಬಿಡಿ ಅಂದ್ಲು.

ಅದಕ್ಕಿಂತ ಹೆಚ್ಚು ಅವನನ್ನ ಸುಟ್ಟಿದ್ದು ಬೇರೆ. ಬಳ್ಳಿ ಪೂರ್ತಿ ಅಣ್ಣನ ಅಂಗಳದ ಕಡೆ ವಾಲ್ತಿತ್ತು. ಪ್ರತಿ ಎಲೆಯೂ ಆ ಕಡೆ ಮುಖ, ಈ ಕಡೆ ಬೆನ್ನು. ನೀರು ಹಾಕೋನು ನಾನು, ನೆಂಟಸ್ತಿಕೆ ಅವನ ಜೊತೆ ಅಂತ ಹಲ್ಲು ಕಡಿದ. ಕೆಲಸಕ್ಕೆ ಹೋಗೋ ಮುಂಚೆ ಬಳ್ಳೀನ ಹಿಡಿದು ಈ ಕಡೆ ಎಳೆದು, ಕಂಬಿ ಬಿಗಿಯೋ ತಂತಿಯಿಂದಲೇ, ಕಂಬಿ ಬಿಗಿಯೋ ಕೊಕ್ಕೆಯಿಂದಲೇ ತಿರುಚಿ ತಿರುಚಿ ಬಿಗಿದು ಹೋಗೋನು. ಕಬ್ಬಿಣಕ್ಕೂ ಬಳ್ಳಿಗೂ ಒಂದೇ ಮದ್ದು. ಒಂದು ಸಲ ಬಗ್ಗಿಸಿದ ಮೇಲೆ ಕಂಬಿ ಹಂಗೇ ಇರುತ್ತಲ್ಲ. ಬಳ್ಳಿ ಇರಲಿಲ್ಲ. ಸಾಯಂಕಾಲಕ್ಕೆ ಮತ್ತೆ ಕುತ್ತಿಗೆ ಆ ಕಡೆ. ತಂತಿ ಬಿಗಿದ ಕಡೆ ಕಾಂಡ ಕೊಯ್ದು ಮೇಲಿನ ಭಾಗ ಒಣಗಿತು.

ಮಳೆಗಾಲ ಹತ್ತಿರ ಬಂತು. ಮೇಸ್ತ್ರಿ ಬಂದು ನೋಡಿ, ಇದು ಬಳ್ಳಿಯಲ್ಲ ಕಣಯ್ಯ, ಬಟ್ಟೆ ಒಣಗಿಸೋ ಹಗ್ಗ, ನಿಮ್ಮಣ್ಣ ಭಟ್ಟಿಗೆ ಹೋಗಿ ಇಟ್ಟಿಗೆ ನೋಡ್ಕೊಂಡು ಬಂದಿದ್ದಾನೆ ಅಂತ ಹೇಳಿ ಹೋದ. ಷಡ್ಡಕ ಒಂದು ಉದ್ದ ಬಳ್ಳಿ ಕತ್ತರಿಸ್ಕೊಂಡು ನರ್ಸರಿಗೆ ಓಡಿದ. ನಾನೂ ಜೊತೆಗಿದ್ದೆ. ನರ್ಸರಿಯವಳು ಕುಂಡಕ್ಕೆ ಮಣ್ಣು ತುಂಬ್ತಾ ಕೂತಿದ್ಲು. ಬಳ್ಳೀನ ತೊಡೆ ಮೇಲೆ ಹಾಸ್ಕೊಂಡು, ಗೆಣ್ಣಿಂದ ಗೆಣ್ಣಿಗೆ ಬೆರಳು ಚಾಚಿ ನೋಡಿದ್ಲು. ಯಾವ ಕಡೆ ವಾಲುತ್ತೆ ಅಂತ ಕೇಳಿದ್ಲು. ಅಣ್ಣನ ಕಡೆ ಅಂದ ಇವನು. ಅವಳಿಗೆ ಅಣ್ಣ ಯಾರೋ ತಮ್ಮ ಯಾರೋ. 

ಹಸಿದ ಗಿಡ ಆಗಿದ್ರೆ ಮೊದಲು ಹಳೇ ಎಲೆ ಹಳದಿ ಆಗೋದು, ಗಿಡ ಕುಳ್ಳಾಗೇ ಉಳಿಯೋದು ಅಂತ ಹೇಳಿದ್ಲು. ನೀರು ಹೆಚ್ಚಾಗಿದ್ರೆ ಬುಡ ಮೆತ್ತಗಾಗಿ ಎಲೆ ಉದುರೋದು. ಇದು ಹಂಗಲ್ಲ, ನೀಳವಾಗಿ ಒಂದೇ ದಿಕ್ಕಿಗೆ ಓಡ್ತಿದೆ.

"ಇದಕ್ಕೆ ಕಮ್ಮಿ ಆಗಿರೋದು ಅನ್ನ ಅಲ್ಲ ಕಣಪ್ಪ, ಬೆಳಕು. ನೀನು ತಿನ್ನಿಸಿದಷ್ಟೂ ಅದಕ್ಕೆ ಹುಡುಕ್ಕೊಂಡು ಓಡೋಕೆ ಕಾಲು ಬರುತ್ತೆ ಅಷ್ಟೆ. ಅದರ ತಲೆ ಮೇಲೆ ಏನಿದೆ?"

ಇವನು ಅಲ್ಲೇ ತಲೆ ಎತ್ತಿ ಮೇಲೆ ನೋಡಿದ, ಮನೇಲೇ ನಿಂತಿರೋ ಹಾಗೆ. ನನಗೂ ಆಗಲೇ ಹೊಳೆದಿದ್ದು. ಅದರ ತಲೆ ಮೇಲೆ ಸಜ್ಜ ಇತ್ತು. ಕಿಟಕಿ ಮೇಲೆ ಬಿಸಿಲು ಮಳೆ ಬೀಳದ ಹಾಗೆ ಚಾಚಿರುತ್ತಲ್ಲ, ಅದು. ತಾಯಿ ಮಂಚ ಹಿಡಿದ ವರ್ಷ, ಇನ್ನೂ ಮಾತು ಇದ್ದಾಗ, ಅಣ್ಣತಮ್ಮಂದಿರು ರಜೆ ದಿನ ಸೇರಿ ಹಾಕಿದ ಸಜ್ಜ. ಜನ ಒಂದು ಮೊಳ ಚಾಚ್ತಾರೆ, ಇವರು ತಾಯಿ ಮೇಲೆ ಹನಿ ಬೀಳಬಾರದು ಅಂತ ಬೇಲಿವರೆಗೂ ಚಾಚಿದ್ರು. ನಾನು ಆಗಲೇ ತಮಾಷೆ ಮಾಡಿದ್ದೆ, ಇದರ ಮೇಲೆ ಲಾರಿ ನಿಲ್ಲಿಸಬಹುದು ಅಂತ. ಅದರ ಕೆಳಗೆ ಬೆಳಕು ಬರ್ತಿದ್ದದ್ದು ಒಂದೇ ಕಡೆಯಿಂದ, ಅಣ್ಣನ ಅಂಗಳದಿಂದ. ಬಳ್ಳಿಗೆ ಪಾಪ ನೆಂಟಸ್ತಿಕೆ ಗಿಂಟಸ್ತಿಕೆ ಏನೂ ಗೊತ್ತಿರಲಿಲ್ಲ.

ಬಳ್ಳೀನೇ ಬೇರೆ ಕಡೆ ನೆಡು ಅಂದ್ಲು ಅವಳು. ಬೇರೆ ಕಡೆ ನೆಟ್ರೆ ಕಿಟಕಿ ಮುಚ್ಚೋದು ಹೆಂಗೆ ಅಂದ ಇವನು. ಹಂಗಾದ್ರೆ ಮೇಲಿರೋದನ್ನ ತೆಗಿ ಅಂದ್ಲು. ಆಮೇಲೆ ಬಳ್ಳಿ ಪಳಗಿಸೋದು ಹೇಳಿಕೊಟ್ಲು. ಬಿಸಿಲು ಬಿದ್ದ ಮೇಲೆ ಮೊಣಕಾಲೆತ್ತರಕ್ಕೆ ಕತ್ತರಿಸು, ಕನಿಕರ ಬೇಡ. ಚಿಗುರಿದಾಗ ತುದಿ ಚಿವುಟು, ಒಂದು ಇದ್ದದ್ದು ಎರಡಾಗುತ್ತೆ. ನೆಟ್ಟಗೆ ಹತ್ತೋಕೆ ಬಿಡಬೇಡ, ಅಡ್ಡಡ್ಡ ಮಲಗಿಸಿ ಕಟ್ಟು, ಆಗ ಒಂದೊಂದು ಗೆಣ್ಣೂ ಚಿಗುರುತ್ತೆ. ಈ ಕಬ್ಬಿಣದ ತಂತಿ ಹಾಕಿದ ಕೈ ಯಾವುದು, ಮುರೀಬೇಕು ಅದನ್ನ. ಹಳೇ ಬಟ್ಟೆ ಹರಿದು, ಬೆರಳು ಆಡೋಷ್ಟು ಸಡಿಲ ಬಿಟ್ಟು ಕಟ್ಟು. ಗೊಬ್ಬರ ನಿಲ್ಲಿಸು.

ಮಾರನೇ ಬೆಳಿಗ್ಗೆ ಷಡ್ಡಕ ಸುತ್ತಿಗೆ ಉಳಿ ಹಿಡಿದು ಸಜ್ಜ ಹತ್ತಿದ. ಸುಮ್ಮನೆ ಬೀಳೋ ಸಜ್ಜವೇ ಅದು? ಒಂದೊಂದು ಹೊಡೆತಕ್ಕೂ ಕಿಡಿ ಹಾರ್ತಿತ್ತು. ಕಾಂಕ್ರೀಟು ಉದುರಿ ಕಂಬಿ ಹೊರಗೆ ಬಂತು, ಇಷ್ಟು ವರ್ಷಕ್ಕೆ ಮೊದಲ ಸಲ ಅವನ ಕೆಲಸ ಬೆಳಕು ಕಂಡಿದ್ದು. ಒಂದು ಗಂಟೂ ಸಡಿಲ ಆಗಿರಲಿಲ್ಲ. ಅಣ್ಣ ಕೆನ್ನೆ ತುಂಬ ಸೋಪು ಹಚ್ಕೊಂಡು ಬೇಲಿ ಆಚೆ ನಿಂತು ನೋಡ್ತಿದ್ದ. ನೊರೆ ಒಣಗಿ ಬಿಳಿ ಪೊರೆ ಆಗಿತ್ತು.

"ಅದರ ಹಲಗೆ ನಾನು ಹೊಡೆದಿದ್ದು ಕಣೋ," ಅಂದ.

"ಕಂಬಿ ನಾನು ಕಟ್ಟಿದ್ದು," ಅಂದ ಇವನು, ಸುತ್ತಿಗೆ ನಿಲ್ಲಿಸದೆ.

ಅಷ್ಟೇ. ಎಷ್ಟೋ ತಿಂಗಳಾದ ಮೇಲೆ ಆಡಿದ ಮಾತು. ಇನ್ನೊಂದು ಮಾತು ಯಾರಾದ್ರೂ ಆಡಿದ್ರೆ ಮುಗೀತಿತ್ತೇನೋ. ಒಬ್ಬ ಮುಖ ತೊಳೆಯೋಕೆ ಹೋದ, ಇನ್ನೊಬ್ಬ ಕಲ್ಲುಪುಡಿ ಗುಡಿಸೋಕೆ ಇಳಿದ.

ಮಳೆ ಬಂತು. ಎರಚಲು ನೇರ ಮಂಚದ ಮೇಲೆ. ಕಿಟಕಿ ಹಾಕೋಣ ಅಂದ್ರೆ ಮುದುಕಿ ಬಿಡ್ಲಿಲ್ಲ, ಮಂಚ ಸರಿಸೋಣ ಅಂದ್ರೂ ಬಿಡ್ಲಿಲ್ಲ. ಪ್ಲಾಸ್ಟಿಕ್ ಹಾಳೆ ಹೊದ್ಕೊಂಡು, ನೆನೆಯೋದು ಕಾಲು ತಾನೇ, ಹೆಂಗೂ ಕೆಲಸಕ್ಕೆ ಬಾರದ ಕಾಲು ಅಂದ್ಲು. ಅಣ್ಣ ಕೊಡೆ ಒಂದು ಕೈಲಿ, ಕತ್ತಿ ಒಂದು ಕೈಲಿ ಹಿಡಿದು ಮಳೇಲೂ ಅಲ್ಲೇ ಕ್ಷೌರ ಮಾಡ್ಕೊಂಡ. ಹುಚ್ಚರ ಮನೆ ಅಂತ ದಾರೀಲಿ ಹೋಗೋರು ನಕ್ಕರು. ನಾನೂ ನಕ್ಕೆ.

ಬಳ್ಳಿ ಮಾತ್ರ ಮೈ ಕೈ ತುಂಬ್ಕೊಂಡಿತು. ಮೊಣಕಾಲೆತ್ತರಕ್ಕೆ ಕತ್ತರಿಸಿದ್ದೇ ತಡ, ಬುಡದಿಂದ ಕೆಂಪು ಚಿಗುರು ಒಡೀತು. ತುದಿ ಚಿವುಟಿದ, ಕವಲೊಡೀತು. ಮತ್ತೆ ಚಿವುಟಿದ. ಕೆಲಸದಿಂದ ಬಂದು ಚಪ್ಪಲಿ ಬಿಡೋ ಮುಂಚೆ ಬೇಲಿ ಹತ್ರ ಹೋಗೋನು. ನಾದಿನಿಯ ಹಳೇ ಸೀರೆ ಹರಿದು ಪಟ್ಟಿ ಮಾಡಿದ್ದ. ಆ ಕೊಕ್ಕೆ ಬೆರಳಲ್ಲಿ ಒಂದೊಂದು ಕುಡೀನೂ ಅಡ್ಡ ಮಲಗಿಸಿ, ಮಗುವಿಗೆ ಕುಂಚಿಗೆ ಕಟ್ಟೋ ಹಾಗೆ ಸಡಿಲವಾಗಿ ಗಂಟು ಹಾಕೋನು. ನನ್ನನ್ನ ಒಂದು ದಿನವೂ ಇಷ್ಟು ಮೆತ್ತಗೆ ಮುಟ್ಟಿದ ಗಂಡಸಲ್ಲ ಅಂತ ನಾದಿನಿ ನನ್ನ ಹೆಂಡತಿ ಮುಂದೆ ಹೇಳಿದ್ಲಂತೆ. ಎಲೆ ಕಡು ಹಸಿರಾಯ್ತು, ಗೆಣ್ಣು ಹತ್ತಿರ ಬಂತು. ಗೊಂಚಲು ಗೊಂಚಲು ಹೂ ಬಿಡ್ತು, ಸಂಜೆಗೆ ಬಿಳಿ, ಆಮೇಲೆ ಗುಲಾಬಿ, ಆಮೇಲೆ ರಕ್ತದ ಥರ ಕೆಂಪು.

ಆ ದಿನಗಳಲ್ಲೇ ಮುದುಕಿ ಒಂದು ರಗಳೆ ಶುರು ಮಾಡಿದ್ಲು. ದಿಂಬು ಈ ಕಡೆ ಸರಿಸು ಅನ್ನೋಳು. ಮಾರನೇ ದಿನ ಆ ಕಡೆ. ಇನ್ನೊಂದು ದಿನ ತಲೆ ಎತ್ತರಿಸು, ಮತ್ತೊಂದು ದಿನ ಪೂರ್ತಿ ದಿಂಬೇ ತೆಗಿ. ನಾದಿನಿಗೆ ರೋಸಿಹೋಯ್ತು. ಷಡ್ಡಕನಿಗೆ ಮಾತ್ರ ಖುಷಿಯೋ ಖುಷಿ. ನೋಡಿ ಷಡ್ಡಕರೇ, ಅಮ್ಮ ಬಳ್ಳೀನ ಎಲ್ಲಾ ಕಡೆಯಿಂದ ನೋಡ್ತಾಳೆ, ಕಣ್ಣು ಕೀಳಲ್ಲ ಅಂತ ಎದೆ ಉಬ್ಬಿಸಿದ.

ಮಳೆ ನಿಂತ ಮೇಲೆ ಮೇಸ್ತ್ರಿ ಬಂದು ಅಣ್ಣನ ಅಂಗಳದಲ್ಲಿ ನಿಂತ. ಬಗ್ಗಿ ನೋಡಿದ, ಕುಕ್ಕರಗಾಲಲ್ಲಿ ಕೂತು ನೋಡಿದ. ಕಿಟಕಿ ಇಲ್ಲ. ಕಾಂಕ್ರೀಟು ತುಂಬಿದ ಹಾಗೆ ಇತ್ತು ಹಸಿರು, ಇರುವೆಯೂ ವಿಳಾಸ ಕೇಳ್ಕೊಂಡೇ ದಾಟಬೇಕು. ಅಣ್ಣ ಆಯ್ತು ಅಂದ, ಗೋಡೆ ಇಲ್ಲ ಅಂದ. ಓರಗಿತ್ತಿ ಕೂಡ ತಲೆ ಆಡಿಸಿದ್ಲು. ಷಡ್ಡಕ ಒಳಗೆ ಓಡಿ ತಾಯಿ ಕಿವಿ ಹತ್ರ ಬಾಯಿಟ್ಟು ಗೋಡೆ ಬರಲ್ಲಮ್ಮ, ಗೆದ್ದೆ ಅಂತ ಕೂಗಿ ಹೇಳಿದ. ನಾನು ಬಾಗಿಲಲ್ಲಿ ನಿಂತಿದ್ದೆ.

ಮುದುಕಿ ಅವನ ಮುಖ ನೋಡಿದ್ಲು. ಕಿಟಕಿ ನೋಡಿದ್ಲು.

"ಸೊರಗಿದ್ದಾಗಲೇ ಚೆನ್ನಾಗಿತ್ತು ಕಣೋ," ಅಂದ್ಲು. "ನಿಮ್ಮಣ್ಣ ಕಾಣ್ತಿದ್ದ."

ಷಡ್ಡಕ ಅಲ್ಲೇ ನಿಂತ. ಟ್ಯಾಂಕಿನ ಕಂಬದೊಳಗೆ ಸಿಕ್ಕಿಕೊಂಡಾಗಲೂ ಆ ಮುಖ ಮಾಡಿರಲಿಕ್ಕಿಲ್ಲ. ಮಂಚದ ಮೇಲೆ ಕೂತು, ತಾಯಿ ದಿಂಬಿಗೆ ತಲೆ ಒರಗಿಸಿ, ಅವಳು ನೋಡೋ ಕಡೆ ನೋಡಿದ. ಎಲೆ. ಹೂ. ಮತ್ತೆ ಎಲೆ. ಆ ಕಡೆಯಿಂದ ಕಾಣದ್ದು ಈ ಕಡೆಯಿಂದಲೂ ಕಾಣಲ್ಲ ಅನ್ನೋದು ಮಗುವಿಗೂ ಗೊತ್ತಿರೋ ವಿಷಯ. ಅಳತೆ ಕೊಟ್ಟ ಅಣ್ಣನಿಗೂ ಹೊಳೆದಿರಲಿಲ್ಲ, ಅಳತೆಗೆ ಸರಿಯಾಗಿ ಕಟ್ಟಿದ ತಮ್ಮನಿಗೂ ಹೊಳೆದಿರಲಿಲ್ಲ. ಇಬ್ಬರೂ ನುರಿತ ಕೆಲಸಗಾರರು.

ಮಾರನೇ ದಿನ ಕತ್ತರಿ ತಗೊಂಡು ಬಳ್ಳಿ ನಡುವೆ ಒಂದು ಮುಖದಷ್ಟು ಕಿಂಡಿ ಮಾಡಿದ. ಮುದುಕಿ ಅವತ್ತು ಎರಡು ಸಲ ಬಡಿಸ್ಕೊಂಡು ಉಂಡ್ಲು. ಅದರ ಮಾರನೇ ಬೆಳಿಗ್ಗೆ ಓರಗಿತ್ತಿ ಕಣ್ಣಿಗೆ ಕಿಂಡಿ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಅಣ್ಣನ ಬಾಗಿಲಲ್ಲಿ ಒಂದು ಗಾಡಿ ಇಟ್ಟಿಗೆ ಇಳೀತು. ಅಣ್ಣ ಯಾರ ಮುಖವನ್ನೂ ನೋಡದೆ ಅದನ್ನ ಜೋಡಿಸ್ತಿದ್ದ. ಬೇಕು ಅಂತ ಮಾಡ್ತಿರಲಿಲ್ಲ, ನಾನು ನೋಡಿದ್ದೀನಿ, ಒಂದೊಂದು ಇಟ್ಟಿಗೆಯನ್ನೂ ಹೆಣ ಎತ್ತೋ ಹಾಗೆ ಎತ್ತುತ್ತಿದ್ದ. ಆದ್ರೆ ಮಾತು ಕೊಟ್ಟಿದ್ದನಲ್ಲ.

ಷಡ್ಡಕ ಏನು ಮಾಡ್ಬೇಕು? ಕಿಂಡಿ ಇಟ್ರೆ ಗೋಡೆ, ಕಿಂಡಿ ಮುಚ್ಚಿದ್ರೆ ಬಳ್ಳಿ. ಹೋಗಿ ಅಣ್ಣನ ಕೈ ಹಿಡಿದು ಅಮ್ಮ ನಿನ್ನನ್ನ ನೋಡ್ಬೇಕಂತೆ ಬಾರೋ ಅನ್ನು ಅಂತ ನಾನು ಹೇಳಿದೆ. ಅವನು ಹೊಸ್ತಿಲು ತುಳಿಯಲ್ಲ ಅಂದಿದ್ದಾನೆ ಅಂದ. ಅಣ್ಣನ ಹತ್ರ ಹೋಗಿ ಅದನ್ನೇ ಹೇಳಿದೆ. ಅವನು ತುಳೀಬೇಡ ಅಂದಿದ್ದಾನೆ ಅಂದ. ಗೆದ್ದವನು ಸೋತ, ಸೋತವನು ಸತ್ತ ಅಂತ ಗಾದೆ ಇದೆ. ಇಲ್ಲಿ ಇಬ್ಬರೂ ಗೆದ್ದಿದ್ರು.

ಸಂಜೆ ಷಡ್ಡಕ ಪಕ್ಕದ ಎರಡು ಕುಡಿ ಎಳೆದು, ಕಿಂಡಿ ಮೇಲೆ ಅಡ್ಡ ಮಲಗಿಸಿ, ಸೀರೆ ಪಟ್ಟಿಯಿಂದ ಕಟ್ಟಿದ. ಬಿಸಿಲು ಚೆನ್ನಾಗಿತ್ತು, ಬೇಗ ಮುಚ್ಚಿತು. ಕಂಬದ ಮೊಳೆಯೂ ಬಳ್ಳಿಯೊಳಗೆ ಸೇರಿಹೋದ ಮೇಲೆ ಅಣ್ಣ ಕನ್ನಡೀನ ತನ್ನ ಗೋಡೆಗೆ ಹಾಕ್ಕೊಂಡ. ಈಗ ಅವನ ಕ್ಷೌರ ನಾನು ರಸ್ತೆ ದಾಟೋದ್ರೊಳಗೆ ಮುಗಿಯುತ್ತೆ. ಇಟ್ಟಿಗೆ ಅಲ್ಲೇ ಇದೆ, ಪಾಚಿ ಹಿಡಿದಿದೆ. ಬಳ್ಳಿಯ ಅಂದ ನೋಡೋಕೆ ಬೇರೆ ಬೀದಿಯವರೂ ಬಂದು ನಿಲ್ತಾರೆ, ಹೆಂಗೆ ಬೆಳೆಸಿದ್ರಿ ಅಂತ ಕೇಳ್ತಾರೆ. ಷಡ್ಡಕ ಹೇಳ್ತಾನೆ, ಬೆಳಕು ಕೊಡಿ, ತುದಿ ಚಿವುಟಿ, ಸಡಿಲವಾಗಿ ಕಟ್ಟಿ. ಚೆನ್ನಾಗೇ ಹೇಳಿಕೊಡ್ತಾನೆ.

ಮುದುಕಿ ಒಂದು ದಿನ ನಾದಿನಿಯನ್ನ ಕರೆದು ಮಂಚ ತಿರುಗಿಸು ಅಂದ್ಲು. ಕಾಲಿದ್ದ ಕಡೆ ತಲೆ ಹಾಕಿದ್ರು. ಈಗ ಅವಳ ಕಣ್ಣೆದುರಿಗೆ ಇರೋದು ಒಳಗಿನ ಸುಣ್ಣ ಬಳಿದ ಗೋಡೆ. ಹೂವಿನ ಕಡೆ ಬೆನ್ನು ಹಾಕಿದ್ದೀಯಲ್ಲಮ್ಮ ಅಂತ ನಾನೇ ಕೂಗಿ ಕೇಳಿದೆ, ನಗಿಸೋಣ ಅಂತ.

"ಇದು ಗೋಡೆ ಅಂತ ಗೊತ್ತು," ಅಂದ್ಲು. "ಇದರ ಹಿಂದೆ ಯಾರೂ ಇಲ್ಲ."